ಮನೆಯಲ್ಲಿ ಕೋವಿ ಇದ್ದರೆ



ಈ ಅಂಕಣದಲ್ಲಿ ಗೊಬ್ಬರ, ಗೇರಿನ ಟೀ ಸೊಳ್ಳೆ, ಅಡಿಕೆಯ ಕೊಳೆರೋಗ, ಮಕ್ಕಳ ಲಸಿಕೆ ಇತ್ಯಾದಿಗಳ ಬಗ್ಗೆ ಬರೆಯುವುದು ರೂಢಿ. ಈ ಸಲ ಕೋವಿಯ ಬಗ್ಗೆ ಬರೆಯುತ್ತಿದ್ದೇವೆ. ಪೂಜೆಗೆ ಬರುವವರ ಪತ್ರಿಕೆಯಲ್ಲಿ ಕೋವಿಯ ಮಾತು ಏಕೆ ಎಂದು ಕೆಲವರು ಕೇಳಬಹುದು. ಮೊಲೆಂ, ಕುಳೆ, ಧಾರಬಾಂದೋಡಾ ಕಡೆಯ ತೋಟಗಳಲ್ಲೂ ಘಟ್ಟದ ಮೇಲಿನ ಅನಮೋಡ, ಜೋಯಿಡಾ, ಖಾನಾಪುರ ಕಡೆಯ ನಮ್ಮ ಬಂಧುಗಳ ಮನೆಗಳಲ್ಲೂ ಕತ್ತಿ, ಹಾರೆ, ಪಿಕಾಸಿ ಇರುವಂತೆ ಅಲ್ಲಲ್ಲಿ ಒಂದು ಕೋವಿಯೂ ಇದೆ. ಕತ್ತಿ ಹಿಡಿಯುವುದನ್ನು ಅಪ್ಪ ಮಗನಿಗೆ ಕಲಿಸುತ್ತಾನೆ. ಕೋವಿ ಹಿಡಿಯುವುದನ್ನು ಯಾರೂ ಸರಿಯಾಗಿ ಕಲಿಸುವುದಿಲ್ಲ. ಹುಡುಗರು ನೋಡಿ ಕಲಿಯುತ್ತಾರೆ. ತಪ್ಪನ್ನು ನೋಡಿದವರು ತಪ್ಪನ್ನೇ ಕಲಿಯುತ್ತಾರೆ.

ನಮ್ಮ ಮನೆಯಲ್ಲೇ ನಡೆದ ಒಂದು ಸಂಗತಿಯನ್ನು ಹೇಳಿ ಮುಂದುವರಿಯುತ್ತೇವೆ. ನಾವು ಚಿಕ್ಕವರಿದ್ದಾಗ ಅಜ್ಜನ ಕೇಪಿನ ಕೋವಿ ಅಡುಗೆಮನೆಯ ಬಾಗಿಲ ಹಿಂದೆ ಗೂಟಕ್ಕೆ ತೂಗಿರುತ್ತಿತ್ತು. ಒಂದು ಮಳೆಗಾಲದ ಮಧ್ಯಾಹ್ನ ಚಿಕ್ಕಪ್ಪ ಅದನ್ನು ಒರೆಸಲು ಕೆಳಗಿಳಿಸಿದರು. "ಖಾಲಿ ಇದೆ" ಎಂದು ಅಜ್ಜ ಹೇಳಿದ್ದರು, ಚಿಕ್ಕಪ್ಪ ನಂಬಿದ್ದರು. ಎರಡು ತಿಂಗಳ ಹಿಂದೆ ಹಂದಿ ಕಾಯಲು ಹೋಗಿ ಈಡು ಹೊಡೆಯದೆ ಬಂದ ರಾತ್ರಿಯ ಮದ್ದು ನಳಿಗೆಯಲ್ಲೇ ಉಳಿದಿತ್ತು. ಕೇಪೂ ಮೇಲೆಯೇ ಇತ್ತು. ಬಟ್ಟೆ ಕುದುರೆಗೆ ಸಿಕ್ಕಿಕೊಂಡಿತು. ಈಡು ಹಾರಿ ಮಾಡಿನ ಆರೇಳು ಹೆಂಚು ಪುಡಿಯಾದವು. ಆ ಮಾಡಿನ ಕೆಳಗೆ, ನಾಲ್ಕು ಮೊಳ ಆಚೆ, ತಂಗಿಯ ತೊಟ್ಟಿಲು ಇತ್ತು. ಅವಳಿಗೆ ಏನೂ ಆಗಲಿಲ್ಲ. ಆ ದಿನ ಅಜ್ಜ ಊಟ ಮಾಡಲಿಲ್ಲ. ಕೋವಿ ಮತ್ತೆ ಆ ಗೂಟಕ್ಕೆ ಏರಲಿಲ್ಲ.

ನಾಲ್ಕು ಮೊಳ ಈಚೆಗೆ ಆಗಿದ್ದರೆ ಏನಾಗುತ್ತಿತ್ತು ಎಂಬುದನ್ನು ನಾವು ಇಂದಿಗೂ ಯೋಚಿಸುತ್ತೇವೆ. ಅದಕ್ಕಾಗಿಯೇ ಈ ಬರಹ.

ನಾಲ್ಕು ಮೂಲ ನಿಯಮಗಳು

ಕೋವಿ ಬಳಕೆಯ ಸುರಕ್ಷತೆಗೆ ಪ್ರಪಂಚದ ಹಲವೆಡೆ ನಾಲ್ಕು ನಿಯಮಗಳನ್ನು ಹೇಳಿಕೊಡುತ್ತಾರೆ. ಅಮೆರಿಕದ ಜೆಫ್ ಕೂಪರ್ ಎಂಬ ಮಾಜಿ ಸೈನ್ಯಾಧಿಕಾರಿ (1920–2006) ಇವುಗಳನ್ನು ಈ ರೂಪದಲ್ಲಿ ಜನಪ್ರಿಯಗೊಳಿಸಿದರು. ನಮ್ಮ ಮಾತಿನಲ್ಲಿ ಹೇಳುವುದಾದರೆ:

1. ಪ್ರತಿಯೊಂದು ಕೋವಿಯೂ ಈಡು ತುಂಬಿದ ಕೋವಿಯೇ. ಯಾರು "ಖಾಲಿ" ಎಂದರೂ ನಂಬಬೇಡಿ. ಕೈಗೆ ಬಂದ ಕೂಡಲೇ ನೀವೇ ನೋಡಿ. ಇನ್ನೊಬ್ಬರ ಕೈಗೆ ಕೊಡುವಾಗ ತೆರೆದು ತೋರಿಸಿ ಕೊಡಿ.

2. ಯಾವುದನ್ನು ಹೊಡೆಯಲು ಮನಸ್ಸಿಲ್ಲವೋ ಅದರ ಕಡೆ ನಳಿಗೆಯನ್ನು ತಿರುಗಿಸಬೇಡಿ. ತಮಾಷೆಗೂ ಬೇಡ, ಫೋಟೋಕ್ಕೂ ಬೇಡ.

3. ಗುರಿ ಹಿಡಿದು ಹೊಡೆಯುವ ನಿರ್ಧಾರ ಮಾಡುವ ತನಕ ಬೆರಳು ಟ್ರಿಗರ್ ಮೇಲೆ ಇರಬಾರದು. ನಡೆಯುವಾಗ ಎಡವಿದರೆ, ಬೆಚ್ಚಿದರೆ ಕೈ ತಾನಾಗಿ ಮುಷ್ಟಿ ಹಿಡಿಯುತ್ತದೆ. ಆ ಮುಷ್ಟಿಯೇ ಈಡು ಹಾರಿಸುತ್ತದೆ.

4. ಗುರಿ ಯಾವುದು, ಗುರಿಯ ಹಿಂದೆ ಏನಿದೆ ಎಂದು ಖಚಿತವಾಗಿ ತಿಳಿಯದೆ ಹೊಡೆಯಬೇಡಿ.

ಇವುಗಳಲ್ಲಿ ಒಂದನ್ನು ಮರೆತರೂ ಉಳಿದವು ಕಾಪಾಡಬಹುದು. ನಮ್ಮ ಚಿಕ್ಕಪ್ಪ ಮೊದಲನೆಯದನ್ನು ಮರೆತರು. ಆದರೆ ನಳಿಗೆಯನ್ನು ಮಾಡಿನ ಕಡೆಗೆ ಹಿಡಿದಿದ್ದರು. ತಂಗಿ ಉಳಿದದ್ದು ಹಾಗೆ.

ನಾಲ್ಕನೆಯ ನಿಯಮದ ಬಗ್ಗೆ ಎರಡು ಮಾತು ಹೆಚ್ಚು ಹೇಳಬೇಕಾಗಿದೆ. ಮಲೆನಾಡು, ಕೊಡಗು, ಕರಾವಳಿಯ ಪತ್ರಿಕೆಗಳಲ್ಲಿ ಒಂದೇ ಬಗೆಯ ಸುದ್ದಿಯನ್ನು ಮತ್ತೆ ಮತ್ತೆ ಓದುತ್ತೇವೆ: ಹಂದಿ ಎಂದು ಹೊಡೆದರು, ಬಿದ್ದದ್ದು ಜೊತೆಗೆ ಬಂದವನು. ಕತ್ತಲಲ್ಲಿ ಪೊದೆ ಅಲುಗಿದರೆ ಅದು ಹಂದಿಯೇ ಆಗಬೇಕಾಗಿಲ್ಲ. ನೀರು ಬಿಡಲು ಬಂದ ಪಕ್ಕದ ತೋಟದವರಾಗಿರಬಹುದು, ಬಯಲಿಗೆ ಹೋದ ಮನೆಯವರೇ ಆಗಿರಬಹುದು, ಹಗ್ಗ ಕಿತ್ತು ಬಂದ ಹಸುವಾಗಿರಬಹುದು. ಬ್ಯಾಟರಿ ಬೆಳಕಿಗೆ ಹೊಳೆಯುವ ಕಣ್ಣು ದನದ್ದೂ ಹೊಳೆಯುತ್ತದೆ, ನಾಯಿಯದ್ದೂ ಹೊಳೆಯುತ್ತದೆ. ಇಡೀ ಪ್ರಾಣಿ ಕಾಣದೆ ಟ್ರಿಗರ್‌ಗೆ ಬೆರಳು ಹಾಕಬಾರದು. ಅಲುಗಾಟ, ಸದ್ದು, ನೆರಳು – ಇವು ಮೂರೂ ಗುರಿಯಲ್ಲ.

ಗುಂಡು ಗುರಿಯ ಹತ್ತಿರ ನಿಂತುಬಿಡುವುದೂ ಇಲ್ಲ. ಚಿಕ್ಕದೆಂದು ನಾವು ಭಾವಿಸುವ .22 ರೈಫಲಿನ ಗುಂಡೂ ಒಂದೂವರೆ ಕಿಲೋಮೀಟರ್‌ಗೂ ಹೆಚ್ಚು ದೂರ ಹೋಗಬಲ್ಲದು. ಜಂಬಿಟ್ಟಿಗೆ ಕಲ್ಲಿಗೆ, ಬಂಡೆಗೆ, ಕೆರೆಯ ನೀರಿಗೆ ಓರೆಯಾಗಿ ತಾಗಿದ ಗುಂಡು ಪುಟಿದು ಎತ್ತಲೋ ಹೋಗುತ್ತದೆ. ಆದ್ದರಿಂದ ಹಿಂದೆ ಮಣ್ಣಿನ ದಿಬ್ಬ ಇರುವ ಕಡೆಯೇ ಸರಿ. ರಸ್ತೆ, ಮನೆ, ರೈಲು ಹಳಿ ಇರುವ ದಿಕ್ಕು ಎಂದಿಗೂ ಬೇಡ.

ಕೇಪಿನ ಕೋವಿ, ತೋಟೆ ಕೋವಿ

ಕೇಪಿನ ಕೋವಿಯಲ್ಲಿ ತೆರೆದು ನೋಡುವ ವ್ಯವಸ್ಥೆ ಇಲ್ಲ. ಅಪಾಯ ಇರುವುದು ಅಲ್ಲಿಯೇ. ಇದಕ್ಕೆ ಒಂದು ಸುಲಭ ಉಪಾಯ ಇದೆ. ಖಾಲಿ ಎಂದು ಖಚಿತವಾಗಿ ತಿಳಿದ ದಿನ ಗಜವನ್ನು ನಳಿಗೆಯೊಳಗೆ ತಳ ಮುಟ್ಟುವ ತನಕ ಇಳಿಸಿ, ನಳಿಗೆಯ ಬಾಯಿಯ ಮಟ್ಟಕ್ಕೆ ಗಜದ ಮೇಲೆ ಒಂದು ಗೆರೆ ಕೊರೆಯಿರಿ. ಮುಂದೆ ಎಂದಾದರೂ ಗಜ ಇಳಿಸಿದಾಗ ಆ ಗೆರೆ ಬಾಯಿಗಿಂತ ಮೇಲೆ ನಿಂತರೆ ಒಳಗೆ ಮದ್ದು ಇದೆ ಎಂದೇ ಅರ್ಥ. ಹೀಗೆ ನೋಡುವ ಮೊದಲು ಕೇಪು ತೆಗೆದಿರಬೇಕು, ಮುಖ ನಳಿಗೆಯ ಮೇಲೆ ಬಾಗಿರಬಾರದು.

ಒಂದು ಸಲ ಮದ್ದು ತುಂಬಿದ್ದನ್ನು ಮರೆತು ಮತ್ತೊಮ್ಮೆ ತುಂಬಿದರೆ ನಳಿಗೆ ಒಡೆಯಬಹುದು. ಈಡು ಹೊಡೆದ ಕೂಡಲೇ ಮದ್ದಿನ ಡಬ್ಬಿಯಿಂದ ನೇರವಾಗಿ ನಳಿಗೆಗೆ ಸುರಿಯಬೇಡಿ. ಒಳಗೆ ಉಳಿದ ಕಿಡಿ ಡಬ್ಬಿಗೇ ತಗಲುತ್ತದೆ. ಸ್ವಲ್ಪ ತಡೆದು, ಅಳತೆಯ ಚಿಪ್ಪಿನಲ್ಲಿ ತೆಗೆದು ಹಾಕಿ. ಬೀಡಿ ಸೇದುತ್ತ ಈ ಕೆಲಸ ಮಾಡುವವರಿಗೆ ನಾವು ಏನು ಹೇಳಬೇಕೋ ತಿಳಿಯದು.

ಟ್ರಿಗರ್ ಎಳೆದರೂ ಈಡು ಹಾರದಿದ್ದರೆ ಕೋವಿಯನ್ನು ಕೆಳಗಿಳಿಸಿ ಮೂತಿ ನೋಡಬೇಡಿ. ನಳಿಗೆಯನ್ನು ನಿರಪಾಯದ ದಿಕ್ಕಿಗೆ ಹಿಡಿದುಕೊಂಡೇ ಕಾಯಿರಿ. ತೋಟೆ ಕೋವಿಯಾದರೆ ಕನಿಷ್ಠ ಅರ್ಧ ನಿಮಿಷ, ಕೇಪಿನ ಕೋವಿಯಾದರೆ ಒಂದು ನಿಮಿಷಕ್ಕೂ ಹೆಚ್ಚು. ತೇವ ಹಿಡಿದ ಮದ್ದು ತಡವಾಗಿ ಹೊತ್ತಿಕೊಳ್ಳುವುದುಂಟು. ನಮ್ಮ ಘಟ್ಟದ ಮಳೆಯಲ್ಲಿ ತೇವ ಹಿಡಿಯದ ಮದ್ದು ಎಲ್ಲಿದೆ?

ತೋಟೆ ಕೋವಿ ಇರುವವರು ಒಂದು ಮಾತು ನೆನಪಿಡಬೇಕು. 20 ಬೋರಿನ ತೋಟೆ 12 ಬೋರಿನ ನಳಿಗೆಯಲ್ಲಿ ಜಾರಿ ಮುಂದೆ ಹೋಗಿ ಸಿಕ್ಕಿಕೊಳ್ಳುತ್ತದೆ. ಹಿಂದಿನಿಂದ ನೋಡಿದರೆ ಖಾಲಿ ಕಾಣುತ್ತದೆ. ಅದರ ಹಿಂದೆ 12 ಬೋರಿನ ತೋಟೆ ಹಾಕಿ ಹೊಡೆದರೆ ನಳಿಗೆ ಸಿಡಿದು ಕೈ ಬೆರಳುಗಳೇ ಹೋಗಬಹುದು. ಎರಡು ಬಗೆಯ ತೋಟೆ ಒಂದೇ ಜೇಬಿನಲ್ಲಿ ಇರಬಾರದು. ಉಬ್ಬಿದ, ಹಸಿರು ಕಿಲುಬು ಹಿಡಿದ ಹಳೆಯ ತೋಟೆಗಳನ್ನು ಒತ್ತಿ ತುರುಕಬೇಡಿ. ನಳಿಗೆಗೆ ಕೆಸರು ಹೋಗಿದ್ದರೆ, ಕಣಜದ ಹುಳು ಮಣ್ಣಿನ ಗೂಡು ಕಟ್ಟಿದ್ದರೆ ಮೊದಲು ಕೋವಿ ಖಾಲಿ ಮಾಡಿ ಆಮೇಲೆ ಶುಚಿ ಮಾಡಿ. ಅಡ್ಡಿ ಇರುವ ನಳಿಗೆಯೂ ಸಿಡಿಯುತ್ತದೆ.

ಬೇಲಿ ದಾಟುವಾಗ, ಸಂಕ ದಾಟುವಾಗ, ಅಟ್ಟಳಿಗೆ ಹತ್ತುವಾಗ, ಬೈಕು ಏರುವಾಗ ಈಡು ತೆಗೆದಿರಬೇಕು. ಅಟ್ಟಳಿಗೆಗೆ ಹತ್ತಿದ ಮೇಲೆ ಖಾಲಿ ಕೋವಿಯನ್ನು ಹಗ್ಗದಲ್ಲಿ, ನಳಿಗೆ ಕೆಳಮುಖವಾಗಿ ಇರುವಂತೆ ಎಳೆದುಕೊಳ್ಳಿ. ಕಾವಲಿಗೆ ಇಬ್ಬರು ಹೋದರೆ ಯಾರು ಎಲ್ಲಿ ಕೂರುವುದು ಎಂದು ಮೊದಲೇ ಮಾತಾಡಿಕೊಂಡು, ಕೂಗಿ ಹೇಳದೆ ಜಾಗ ಬಿಟ್ಟು ಏಳಬಾರದು. ಪಕ್ಕದ ತೋಟದವರಿಗೂ ಸಂಜೆಯೇ ತಿಳಿಸಿ. ಕುಡಿದವರ ಕೈಗೆ ಕೋವಿ ಬೇಡ. ಒಂದು ಕುಡ್ತೆ ಫೆನಿಯೂ ಕುಡಿತವೇ.

ಮಕ್ಕಳು, ಬೀಗ ಮತ್ತು ಮನೆಯ ದುಃಖ

ಕೋವಿ ಒಂದು ಕಡೆ, ತೋಟೆ ಅಥವಾ ಮದ್ದು ಇನ್ನೊಂದು ಕಡೆ, ಎರಡಕ್ಕೂ ಬೇರೆ ಬೇರೆ ಬೀಗ, ಬೀಗದ ಕೈ ಪರವಾನಗಿ ಇರುವವರ ಬಳಿ ಮಾತ್ರ. ಇದು ನಮ್ಮ ಸಲಹೆ ಮಾತ್ರವಲ್ಲ. 2016ರ ಆಯುಧ ನಿಯಮಗಳ ಪ್ರಕಾರ ಪರವಾನಗಿ ಕೇಳುವವರು ಸುರಕ್ಷತಾ ತರಬೇತಿ ಪಡೆದಿರಬೇಕು, ಕೋವಿಯನ್ನು ಭದ್ರವಾಗಿ ಇಡುತ್ತೇವೆಂದು ಬರೆದುಕೊಡಲೂಬೇಕು. ಅಕ್ಕಿ ಕಣಜದ ಹಿಂದೆ, ಹಾಸಿಗೆಯ ಕೆಳಗೆ ಅಡಗಿಸಿಟ್ಟರೆ ಮಕ್ಕಳಿಗೆ ತಿಳಿಯದೆಂದು ಭಾವಿಸಬೇಡಿ. ಮನೆಯಲ್ಲಿ ಬೆಲ್ಲ ಎಲ್ಲಿದೆ ಎಂದು ತಿಳಿದ ಮಕ್ಕಳಿಗೆ ಕೋವಿ ಎಲ್ಲಿದೆ ಎಂದೂ ತಿಳಿದಿರುತ್ತದೆ. ಅವರಿಗೆ ಒಂದು ಪಾಠ ಕಲಿಸಿರಿ: ಕೋವಿ ಕಂಡರೆ ಮುಟ್ಟಬೇಡ, ಅಲ್ಲಿಂದ ಹೊರಟು ಬಾ, ದೊಡ್ಡವರಿಗೆ ಹೇಳು.

ಬೀಗದ ಇನ್ನೊಂದು ಪ್ರಯೋಜನವನ್ನು ಹೇಳಲು ಮನಸ್ಸು ಭಾರವಾಗುತ್ತದೆ, ಆದರೂ ಹೇಳಬೇಕು. ಸಾಲ, ಬೆಳೆನಷ್ಟ, ಮನೆಯ ಜಗಳ ಇವುಗಳಿಂದ ಮನಸ್ಸು ಕುಸಿದವರಿಗೆ ಒಂದು ಕೆಟ್ಟ ಗಳಿಗೆ ಬರುತ್ತದೆ. ಅನೇಕರಲ್ಲಿ ಆ ಗಳಿಗೆ ದಾಟಿ ಹೋಗುತ್ತದೆ. ಆದರೆ ಆ ಗಳಿಗೆಯಲ್ಲಿ ಕೋವಿ ಕೈಗೆ ಸಿಕ್ಕಿದರೆ ಎರಡನೆಯ ಯೋಚನೆಗೆ ಅವಕಾಶವೇ ಇಲ್ಲ. ಮನೆಯಲ್ಲಿ ಯಾರಾದರೂ ಊಟ ಬಿಟ್ಟು, ಮಾತು ಬಿಟ್ಟು ಕುಳಿತಿದ್ದರೆ ಕೋವಿಯನ್ನು ಕಾನೂನಿನ ಪ್ರಕಾರ ಠಾಣೆಯಲ್ಲೋ ಪರವಾನಗಿ ಇರುವ ಅಂಗಡಿಯಲ್ಲೋ ಕೆಲಕಾಲ ಇಡಿಸಿರಿ. ಅವರ ಹತ್ತಿರ ಕುಳಿತು ಮಾತಾಡಿಸಿ. ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416 ಹಗಲು ರಾತ್ರಿ ಲಭ್ಯವಿದೆ, ಕನ್ನಡದಲ್ಲೂ ಮಾತಾಡಬಹುದು. ಇದರಲ್ಲಿ ನಾಚಿಕೆ ಪಡುವಂಥದ್ದೇನೂ ಇಲ್ಲ.

ಕಾನೂನು ತಿಳಿದಿರಲಿ

1959ರ ಆಯುಧ ಕಾಯಿದೆಯ ಪ್ರಕಾರ ಪರವಾನಗಿ ಇಲ್ಲದೆ ಕೋವಿ ಇಟ್ಟುಕೊಳ್ಳುವಂತಿಲ್ಲ. 2019ರ ತಿದ್ದುಪಡಿಯ ನಂತರ ಇದಕ್ಕೆ ಎರಡು ವರ್ಷದಿಂದ ಐದು ವರ್ಷದ ತನಕ ಸೆರೆವಾಸ ಇದೆ. ಪರವಾನಗಿಯ ಅವಧಿ ಮೂರು ವರ್ಷದಿಂದ ಐದು ವರ್ಷಕ್ಕೆ ಏರಿದೆ. ಮದುವೆ, ಹಬ್ಬದ ಸಂಭ್ರಮದಲ್ಲಿ ಇತರರ ಜೀವಕ್ಕೆ ಅಪಾಯವಾಗುವಂತೆ ಗುಂಡು ಹಾರಿಸಿದರೆ ಎರಡು ವರ್ಷದ ತನಕ ಸೆರೆ, ಒಂದು ಲಕ್ಷ ರೂಪಾಯಿಯ ತನಕ ದಂಡ, ಅಥವಾ ಎರಡೂ. ಬೆಳೆ ರಕ್ಷಣೆಗೆ ಕೇಪಿನ ಕೋವಿಯ ಪರವಾನಗಿ ಕೇಳುವ ಅವಕಾಶ ಈ ಕಾಯಿದೆಯಲ್ಲೇ ಇದೆ. ಕೊಡಗಿನವರಿಗೆ ಇರುವ ವಿನಾಯಿತಿ (2029ರ ಅಕ್ಟೋಬರ್ ತನಕ ವಿಸ್ತರಣೆಯಾಗಿದೆ) ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ ಸೇರಿದ್ದು. ನಮಗೆ ಅದು ಅನ್ವಯಿಸದು.

ಮೊಲೆಂ ಸುತ್ತಿನವರಿಗೆ ಇನ್ನೂ ಕೆಲವು ಕಟ್ಟುಪಾಡುಗಳಿವೆ. ಭಗವಾನ್ ಮಹಾವೀರ ಅಭಯಾರಣ್ಯ 1969ರಲ್ಲಿ ಘೋಷಣೆಯಾಯಿತು. 1978ರಲ್ಲಿ ಅದರ 107 ಚದರ ಕಿಲೋಮೀಟರ್ ಭಾಗ ರಾಷ್ಟ್ರೀಯ ಉದ್ಯಾನವಾಯಿತು. ಒಟ್ಟು ಸುಮಾರು 240 ಚದರ ಕಿಲೋಮೀಟರ್ ಕಾಡು. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ಪ್ರಕಾರ ಮುಖ್ಯ ವನ್ಯಜೀವಿ ಪರಿಪಾಲಕರ ಲಿಖಿತ ಅನುಮತಿ ಇಲ್ಲದೆ ಅಭಯಾರಣ್ಯದೊಳಗೆ ಆಯುಧ ಒಯ್ಯುವಂತಿಲ್ಲ. ಅಭಯಾರಣ್ಯದ 10 ಕಿಲೋಮೀಟರ್ ಒಳಗೆ ವಾಸಿಸುವ ಕೋವಿದಾರರು ತಮ್ಮ ಹೆಸರು ನೋಂದಾಯಿಸಬೇಕು. ಆ ವ್ಯಾಪ್ತಿಯಲ್ಲಿ ಹೊಸ ಪರವಾನಗಿಗೂ ಅದೇ ಅಧಿಕಾರಿಯ ಒಪ್ಪಿಗೆ ಬೇಕು. ಪರವಾನಗಿ ಇದೆ ಎಂದ ಮಾತ್ರಕ್ಕೆ ಹಂದಿಯನ್ನೋ ಕಾಡುಕೋಣವನ್ನೋ ಹೊಡೆಯಬಹುದೆಂದಲ್ಲ. ಕಾಡುಕೋಣ ಗೋವಾದ ರಾಜ್ಯಪ್ರಾಣಿ, ಕಾಯಿದೆಯ ಮೊದಲ ಅನುಸೂಚಿಯಲ್ಲಿ ಇದೆ. ಕೋವಿಗೆ ಒಂದು ಪರವಾನಗಿ, ಪ್ರಾಣಿಗೆ ಇನ್ನೊಂದು ಅನುಮತಿ. ಇವೆರಡನ್ನು ಒಂದೇ ಎಂದು ತಿಳಿದು ಜೈಲು ಸೇರಬೇಡಿ.

ಘಟ್ಟದ ಮೇಲೆ ಬಂಧುಗಳಿರುವವರು ಪರವಾನಗಿಯ ವ್ಯಾಪ್ತಿಯನ್ನು ನೋಡಿಕೊಳ್ಳಿ. ಕರ್ನಾಟಕಕ್ಕೆ ಮಾತ್ರ ಸೀಮಿತವಾದ ಪರವಾನಗಿಯ ಕೋವಿ ಅನಮೋಡ ಘಾಟು ಇಳಿದ ಕೂಡಲೇ ಅಕ್ರಮವಾಗುತ್ತದೆ. ಅಪ್ಪ ತೀರಿಕೊಂಡ ಮೇಲೆ ಕೋವಿ ಗದ್ದೆಯಂತೆ ತಾನಾಗಿ ಮಗನಿಗೆ ಬರುವುದಿಲ್ಲ. ತಡಮಾಡದೆ ಠಾಣೆಯಲ್ಲಿ ಅಥವಾ ಪರವಾನಗಿ ಇರುವ ವ್ಯಾಪಾರಿಯಲ್ಲಿ ಠೇವಣಿ ಇಟ್ಟು, ರಸೀದಿ ಪಡೆದು, ಹೊಸ ಪರವಾನಗಿಗೆ ಅರ್ಜಿ ಕೊಡಬೇಕು. ಅಟ್ಟದಲ್ಲಿ ಅಜ್ಜನ ಕೋವಿ ಸುಮ್ಮನೆ ಬಿದ್ದಿರುವ ಮನೆಯವರು ಈ ವಾರವೇ ಇದನ್ನು ಯೋಚಿಸಲಿ.

ಚುನಾವಣೆ ಬಂದಾಗ ಕೋವಿ ಠೇವಣಿ ಇಡಬೇಕೆಂಬ ಆದೇಶದಿಂದ ಕೃಷಿಕರಿಗೆ ತೊಂದರೆಯಾಗುವುದು ನಿಜ. ಹಂದಿಗೆ ನೀತಿಸಂಹಿತೆ ತಿಳಿಯದು. ಆದರೆ ಅದಕ್ಕೆ ಕೋವಿ ಅಡಗಿಸಿಡುವುದು ಪರಿಹಾರವಲ್ಲ. ಬೆಳೆ ರಕ್ಷಣೆಗೆ ಬೇಕೆಂದು ಜಿಲ್ಲೆಯ ಪರಿಶೀಲನಾ ಸಮಿತಿಗೆ ವಿನಾಯಿತಿ ಕೋರಿ ಬರೆದು ಕೊಡಿ. ಒಬ್ಬೊಬ್ಬರೇ ಕೊಡುವ ಬದಲು ಊರಿನವರು ಒಟ್ಟಾಗಿ ಕೊಟ್ಟರೆ ಕೇಳುವ ಸಂಭವ ಹೆಚ್ಚು.

ಗಾಯವಾದಾಗ ಅಡಗಿಸಬೇಡಿ

ಈ ಬರಹದ ಮುಖ್ಯ ಮಾತು ಇದೇ. ಕಾಡಿನಲ್ಲಿ ಗುಂಡು ತಗಲಿದಾಗ ಜೊತೆಗಿದ್ದವರಿಗೆ ಮೊದಲು ನೆನಪಾಗುವುದು ಪೊಲೀಸು ಮತ್ತು ಅರಣ್ಯ ಇಲಾಖೆ. ಕೋವಿ ಅಡಗಿಸಬೇಕು, ಬಟ್ಟೆ ಬದಲಿಸಬೇಕು, ಯಾರಿಗೆ ಏನು ಹೇಳಬೇಕು ಎಂದು ಗುಸುಗುಸು ಮಾಡುತ್ತ ಗಂಟೆ ಕಳೆಯುತ್ತಾರೆ. ಆ ಗಂಟೆಯಲ್ಲಿ ರಕ್ತ ಹರಿದು ಹೋಗುತ್ತದೆ. ತಪ್ಪು ಮಾಡಿದ್ದರೆ ಶಿಕ್ಷೆ ಇದೆ, ಶಿಕ್ಷೆ ಮುಗಿದ ಮೇಲೆ ಬದುಕೂ ಇದೆ. ಸತ್ತವನಿಗೆ ಅದಿಲ್ಲ. ಐದನೆಯ ಆಜ್ಞೆ ಕೈಯಾರೆ ಕೊಲ್ಲುವುದಕ್ಕೆ ಮಾತ್ರವಲ್ಲ, ಉಳಿಸಬಹುದಾದವನನ್ನು ಸಾಯಲು ಬಿಡುವುದಕ್ಕೂ ಸಲ್ಲುತ್ತದೆ ಎಂದು ನಾವು ನಂಬುತ್ತೇವೆ.

ಪೊಲೀಸು ಕೇಸು ಎಂದು ಆಸ್ಪತ್ರೆಯವರು ಮುಟ್ಟುವುದಿಲ್ಲ ಎಂಬ ಹೆದರಿಕೆಯೂ ಬೇಡ. ಜೀವ ಉಳಿಸುವ ಚಿಕಿತ್ಸೆ ಮೊದಲು, ಪೊಲೀಸರ ಕಾಗದಪತ್ರ ಆಮೇಲೆ ಎಂದು ಸುಪ್ರೀಂ ಕೋರ್ಟು 1989ರಲ್ಲೇ ಪರಮಾನಂದ ಕಟಾರಾ ಪ್ರಕರಣದಲ್ಲಿ ತೀರ್ಪು ಕೊಟ್ಟಿದೆ. ಅದು ಸರ್ಕಾರಿ ಆಸ್ಪತ್ರೆಗೂ ಖಾಸಗಿಗೂ ಅನ್ವಯಿಸುತ್ತದೆ.

ಮಾಡಬೇಕಾದದ್ದು:

1. ಮೊದಲು ಕೋವಿಯನ್ನು ದೂರ, ಯಾರ ಕಡೆಗೂ ಮುಖ ಮಾಡದಂತೆ ಇಡಿ. ಎರಡನೆಯ ಅನಾಹುತ ಬೇಡ.

2. 108ಕ್ಕೆ ಕರೆ ಮಾಡಿ. ಮೊಲೆಂ ಕಡೆಯಿಂದ ಫೋಂಡಾದ ಆಸ್ಪತ್ರೆಗೆ, ದೊಡ್ಡ ಗಾಯವಾದರೆ ಬಾಂಬೋಳಿಯ ಗೋವಾ ವೈದ್ಯಕೀಯ ಕಾಲೇಜಿಗೆ ಹೋಗಬೇಕಾಗುತ್ತದೆ. ಕಾಡಿನಲ್ಲಿ ಫೋನಿಗೆ ಸಿಗ್ನಲ್ ಇಲ್ಲದಿದ್ದರೆ ಒಬ್ಬ ರಸ್ತೆಗೆ ಓಡಲಿ, ಇನ್ನೊಬ್ಬ ಗಾಯದ ಮೇಲೆ ಕೈ ಇಟ್ಟು ಕೂರಲಿ.

3. ಶುಚಿಯಾದ ಬಟ್ಟೆ ಮಡಿಸಿ ಗಾಯದ ಮೇಲೆ ಬಲವಾಗಿ ಒತ್ತಿ ಹಿಡಿಯಿರಿ. ನೆನೆದರೆ ತೆಗೆಯಬೇಡಿ, ಮೇಲೆ ಇನ್ನೊಂದು ಇಡಿ.

4. ಕೈಕಾಲಿನ ರಕ್ತ ಒತ್ತಿದರೂ ನಿಲ್ಲದಿದ್ದರೆ ಮಾತ್ರ ಗಾಯಕ್ಕಿಂತ ಮೂರ್ನಾಲ್ಕು ಬೆರಳು ಮೇಲೆ, ಕೀಲು ಬಿಟ್ಟು, ಅಗಲವಾದ ಬಟ್ಟೆಯಿಂದ ಬಿಗಿಯಾಗಿ ಕಟ್ಟಿ. ಕಟ್ಟಿದ ಸಮಯ ಬರೆದಿಡಿ. ವೈದ್ಯರೇ ಬಿಚ್ಚಲಿ. ತೆಳ್ಳಗಿನ ದಾರ, ತಂತಿ ಬೇಡ.

5. ಚರೆ, ಗುಂಡು ಕೀಳಲು ಹೋಗಬೇಡಿ. ಅರಿಶಿನ, ಕಾಫಿಪುಡಿ, ಮಸಿ, ಸೆಗಣಿ ಯಾವುದನ್ನೂ ಹಚ್ಚಬೇಡಿ.

6. ಕುಡಿಯಲು, ತಿನ್ನಲು ಕೊಡಬೇಡಿ. ಕಂಬಳಿ ಹೊದಿಸಿ ಬೆಚ್ಚಗಿಡಿ.

7. ಯಾವ ಕೋವಿ, ಚರೆಯೋ ಗುಂಡೋ, ಎಷ್ಟು ದೂರದಿಂದ ಎಂದು ವೈದ್ಯರಿಗೆ ನಿಜ ಹೇಳಿ. ಹೊರಗಿನಿಂದ ಚಿಕ್ಕ ತೂತು ಕಂಡರೂ ಒಳಗೆ ದೊಡ್ಡ ಹಾನಿ ಇರಬಹುದು. ಧನುರ್ವಾಯುವಿನ ಚುಚ್ಚುಮದ್ದು ಮರೆಯಬೇಡಿ.

ಕಣ್ಣಿಗೆ ಕಾಣದ ಎರಡು ಹಾನಿಗಳೂ ಇವೆ. ಈಡಿನ ಸದ್ದು 140 ಡೆಸಿಬೆಲ್‌ಗೂ ಹೆಚ್ಚು. ಕಿವಿಯ ನರ ಒಮ್ಮೆ ಹಾಳಾದರೆ ಮರಳಿ ಬರದು. ಇನ್ನು ಸೀಸ: ಮನೆಯ ಒಲೆಯಲ್ಲಿ ಸೀಸ ಕರಗಿಸಿ ಚರೆ ಮಾಡುವುದು, ಚರೆಯನ್ನು ಬಾಯಲ್ಲಿ ಇಟ್ಟುಕೊಳ್ಳುವುದು ಬಿಡಬೇಕು. ರಕ್ತದಲ್ಲಿ ಇಷ್ಟು ಸೀಸ ಇದ್ದರೆ ತೊಂದರೆ ಇಲ್ಲ ಎಂಬ ಮಟ್ಟವೇ ಇಲ್ಲ ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಮಕ್ಕಳ ಮಿದುಳಿಗೆ ಅದು ವಿಷ.

ನಮ್ಮ ಅಭಿಪ್ರಾಯ

ಹಂದಿ, ಮಂಗ, ಕಾಡುಕೋಣದಿಂದ ನಷ್ಟ ಅನುಭವಿಸುವವರ ಸಂಕಟ ನಮಗೆ ತಿಳಿದಿದೆ. ಒಂದು ರಾತ್ರಿಯಲ್ಲಿ ಬಾಳೆತೋಟ ಹೋದದ್ದನ್ನು ನಾವೂ ನೋಡಿದ್ದೇವೆ. ಕೇರಳದಲ್ಲಿ 2022ರಿಂದ ಪಂಚಾಯತಿ ಅಧ್ಯಕ್ಷರಿಗೆ ಗೌರವ ವನ್ಯಜೀವಿ ಪರಿಪಾಲಕರ ಅಧಿಕಾರ ಕೊಟ್ಟು, ಬೆಳೆ ಹಾಳುಮಾಡುವ ಹಂದಿಗಳನ್ನು ಪರವಾನಗಿ ಇರುವ ಈಡುಗಾರರಿಂದ ಹೊಡೆಸುವ ಏರ್ಪಾಟು ಆಗಿದೆ. ಅಂಥ ಕ್ರಮ ಇಲ್ಲಿಯೂ ಬೇಕೆಂದು ಕೇಳುವ ಹಕ್ಕು ಕೃಷಿಕರಿಗೆ ಇದೆ. ಆದರೆ ಅದನ್ನು ಅರ್ಜಿಯಿಂದ ಕೇಳಬೇಕೇ ಹೊರತು ಕತ್ತಲಲ್ಲಿ ಕೋವಿಯಿಂದ ಅಲ್ಲ. ಹಂದಿಗೆಂದು ಸಿಡಿಮದ್ದಿನ ಉಂಡೆ ಇಡುವುದು, ಬೇಲಿಗೆ ನೇರ ಕರೆಂಟು ಕೊಡುವುದು ಕೋವಿಗಿಂತಲೂ ಕೆಟ್ಟದ್ದು. ಅವಕ್ಕೆ ಹಂದಿ ಯಾವುದು, ಹಸು ಯಾವುದು, ನೆರೆಮನೆಯ ಹುಡುಗ ಯಾರು ಎಂದು ತಿಳಿಯದು.

ಕೊಡಗಿನಲ್ಲಿ ನಾಟಿ ಕೆಲಸ ಮುಗಿದ ಮೇಲೆ ಕೈಲ್‌ಪೊಳ್ದ್ ಹಬ್ಬದಲ್ಲಿ ಕೋವಿಯನ್ನು ಹೊರತೆಗೆದು, ಒರೆಸಿ, ಹೂವಿಟ್ಟು ಗೌರವಿಸುತ್ತಾರೆ. ಗೌರವ ಇದ್ದಲ್ಲಿ ಎಚ್ಚರ ಇರುತ್ತದೆ. ನಮ್ಮಲ್ಲೂ ವರ್ಷಕ್ಕೊಂದು ದಿನ, ಗೇರು ಹಣ್ಣಾಗುವ ಮೊದಲು, ಕೋವಿ ಇರುವ ಮನೆಯವರೆಲ್ಲ ಸೇರಿ ತಿಳಿದವರಿಂದ ಪಾಠ ಕೇಳುವ ಏರ್ಪಾಟು ಆಗಲಿ. ಕೋವಿ ಮನೆಯಲ್ಲೇ ಇರಲಿ, ಪಾಠಕ್ಕೆ ಬರಿಗೈಯಲ್ಲಿ ಬನ್ನಿ. ಹೆಂಗಸರೂ ಬರಲಿ. ಬೀಗದ ಕೈ ಎಲ್ಲಿದೆ ಎಂದು ಕೇಳುವವರು ಅವರೇ.

ಕೋವಿಯ ಅಗತ್ಯ ನಿಜವಾಗಿ ಇಲ್ಲದವರು ಅದನ್ನು ಕಾನೂನಿನ ಪ್ರಕಾರ ಒಪ್ಪಿಸಿಬಿಡುವುದು ಮೇಲು. ಅಜ್ಜನ ನೆನಪಿಗೆ ಅವರ ಫೋಟೋ ಸಾಕು.

ಬಾಯಿಂದ ಹೊರಟ ಮಾತನ್ನಾದರೂ ಕ್ಷಮೆ ಕೇಳಿ ಹಿಂದಕ್ಕೆ ಪಡೆಯಬಹುದು, ನಳಿಗೆಯಿಂದ ಹೊರಟದ್ದನ್ನು ಪಡೆಯಲಾಗದು. ಈ ಪುಟ ಓದಿ ಮಡಚಿಟ್ಟ ಮೇಲೆ ಎದ್ದು ಹೋಗಿ ನಿಮ್ಮ ಮನೆಯ ಕೋವಿ ಎಲ್ಲಿದೆ, ಒಳಗೆ ಏನಿದೆ, ಬೀಗ ಇದೆಯೇ ಎಂದು ಒಮ್ಮೆ ನೋಡಿ ಬನ್ನಿ. ನಳಿಗೆ ಗೋಡೆಯ ಕಡೆಗಿರಲಿ, ಬೆರಳು ಹೊರಗಿರಲಿ.